ಕದ್ದ ಸರ, ಕೊಂಡವನ ಮನಸ್ಸು

ಪ್ರಶ್ನೆ: ನನ್ನ ತಮ್ಮ ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣ ಚಿನ್ನಬೆಳ್ಳಿ ಅಂಗಡಿ ಇಟ್ಟುಕೊಂಡಿದ್ದಾನೆ. ಕಳೆದ ವರ್ಷ ಇಪ್ಪತ್ತೆರಡರ ಆಸುಪಾಸಿನ ಹುಡುಗನೊಬ್ಬ ಮೊದಲು ಒಂದು ಉಂಗುರ, ಹತ್ತು ದಿನ ಬಿಟ್ಟು 24 ಗ್ರಾಂ ತೂಕದ, ಕೊಂಡಿ ಮುರಿದ ಸರ ತಂದು ಮಾರಿದ. ಅಕ್ಕನ ಆಸ್ಪತ್ರೆ ಖರ್ಚಿಗೆ ಎಂದಿದ್ದ. ಉಂಗುರ ಕೊಂಡಾಗ ತಮ್ಮ ಆಧಾರ್ ಪ್ರತಿ ಇಸಿದುಕೊಂಡಿದ್ದ. ಸರ ಕೊಂಡಾಗ ಕೇಳಲಿಲ್ಲ. ಹಣ ಎರಡೂ ಸಲ ನಗದು. ಖರೀದಿ ಪುಸ್ತಕದಲ್ಲಿ ಎರಡನ್ನೂ ಬರೆದಿದ್ದಾನೆ. ಎರಡು ತಿಂಗಳ ನಂತರ ಪೊಲೀಸರು ಆ ಹುಡುಗನನ್ನು ಅಂಗಡಿಗೆ ಕರೆತಂದರು. ಹೆದರಿದ ತಮ್ಮ ಮೊದಲು ‘ಇವನನ್ನು ನೋಡಿಯೇ ಇಲ್ಲ’ ಎಂದ. ಆಮೇಲೆ ಒಪ್ಪಿಕೊಂಡು ಸರವನ್ನು ತೆಗೆದುಕೊಟ್ಟ. ಉಂಗುರ ಅಷ್ಟರಲ್ಲಿ ಕರಗಿಹೋಗಿತ್ತು. ಈಗ ದೋಷಾರೋಪ ಪಟ್ಟಿಯಲ್ಲಿ ಅವನು ಎರಡನೇ ಆರೋಪಿ. ಕಳವಿನ ಮಾಲೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮನಸ್ಸಿನೊಳಗೆ ಇದ್ದದ್ದನ್ನು ನ್ಯಾಯಾಲಯ ಹೇಗೆ ತೀರ್ಮಾನಿಸುತ್ತದೆ? ಕಡಿಮೆ ಬೆಲೆಗೆ ಕೊಂಡ ಎನ್ನುವುದೊಂದೇ ಸಾಕಾಗುತ್ತದೆಯೇ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ತಮ್ಮ ಹೆದರಿ ಆಡಿದ ಆ ಮೊದಲ ಮಾತಿನಿಂದಲೇ ಶುರು ಮಾಡುತ್ತೇನೆ. ‘ನೋಡಿಯೇ ಇಲ್ಲ’ ಎಂದ ಮೇಲೆ ಎಲ್ಲವೂ ಮುಗಿಯಿತೆಂದು ನೀವು ಭಾವಿಸಿರುವುದು ಪತ್ರದಲ್ಲಿ ಕಾಣುತ್ತದೆ. ಮುಗಿದಿಲ್ಲ. ತನಿಖೆಯ ವೇಳೆ ಪೊಲೀಸರ ಮುಂದೆ ಆಡಿದ ಮಾತನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಬಿಡುವುದಿಲ್ಲ. ವಸ್ತು ಪತ್ತೆಯಾಗಲು ಕಾರಣವಾದ ಮಾತಿಗಷ್ಟೇ ವಿನಾಯಿತಿ. ಆದ್ದರಿಂದ ಆ ಒಂದು ಸುಳ್ಳು ತಾನಾಗಿ ಅವನನ್ನು ಮುಳುಗಿಸುವುದಿಲ್ಲ. ಅದೇ ಸುಳ್ಳನ್ನು ನ್ಯಾಯಾಲಯದಲ್ಲಿಯೂ ಹಿಡಿದುಕೊಂಡು ಕುಳಿತರೆ ಮುಳುಗಿಸುತ್ತದೆ. ಇಂಥ ಪ್ರಕರಣಗಳಲ್ಲಿ ಕೊಂಡವನಿಗೆ ತಪ್ಪಿನ ಅರಿವು ಇರಲಿಲ್ಲ ಎಂದು ತೋರಿಸುವ ಹಾದಿ, ಕೊಂಡದ್ದನ್ನು ಒಪ್ಪಿಕೊಳ್ಳುವುದರಿಂದಲೇ ತೆರೆದುಕೊಳ್ಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾಕೆ ಎನ್ನುವುದು ಕಾನೂನನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

2024ರ ಜುಲೈ 1ರ ನಂತರ ನಡೆದ ಖರೀದಿಯಾದ್ದರಿಂದ ನಿಮ್ಮ ತಮ್ಮನ ಮೇಲೆ ಹೊರಿಸಿರುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಎರಡನೇ ಉಪಕಲಂ ಆಗಿರಬೇಕು. ಹಳೆಯ ದಂಡ ಸಂಹಿತೆಯಲ್ಲಿ ಇದು 411 ಆಗಿತ್ತು. ಹಿರಿಯ ಪೊಲೀಸರ, ವಕೀಲರ ಬಾಯಲ್ಲಿ ಇಂದಿಗೂ ‘ನಾಲ್ಕುನೂರಾ ಹನ್ನೊಂದು’ ಎಂದೇ ಇದೆ. ಕಳವಿನ ಸ್ವತ್ತನ್ನು, ಅದು ಕಳವಿನದೆಂದು ತಿಳಿದು ಅಥವಾ ಹಾಗೆಂದು ನಂಬಲು ಕಾರಣವಿದ್ದು, ಅಪ್ರಾಮಾಣಿಕವಾಗಿ ಪಡೆದುಕೊಂಡವನಿಗೆ ಅಥವಾ ಇಟ್ಟುಕೊಂಡವನಿಗೆ 3 ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ‘ಪಡೆದುಕೊಂಡ’ ಎನ್ನುವುದರ ಜೊತೆಗಿರುವ ‘ಇಟ್ಟುಕೊಂಡ’ ಎಂಬ ಪದವನ್ನು ಗಮನಿಸಿ. ಕೊಳ್ಳುವಾಗ ಏನೂ ಅರಿಯದ ವ್ಯಾಪಾರಿಗೆ ನಾಲ್ಕು ದಿನದ ಮೇಲೆ ಅದು ಕದ್ದದ್ದೆಂದು ತಿಳಿದುಬಂದು, ಆಮೇಲೂ ಬಾಯಿ ಮುಚ್ಚಿಕೊಂಡು ತಿಜೋರಿಯಲ್ಲಿ ಇಟ್ಟುಕೊಂಡರೆ, ಅಪರಾಧ ಆ ಗಳಿಗೆಯಲ್ಲಿ ಹುಟ್ಟುತ್ತದೆ. ಸರ ಕೊಂಡ ನಂತರ ಪೊಲೀಸರು ಬರುವವರೆಗಿನ ಆ ಎರಡು ತಿಂಗಳಲ್ಲಿ ಊರಿನಲ್ಲಿ ಕಳವಿನ ಸುದ್ದಿ ಹಬ್ಬಿತ್ತೇ, ಠಾಣೆಯಿಂದ ಸರಾಫರಿಗೆ ಮಾಹಿತಿ ಬಂದಿತ್ತೇ, ಚಿನ್ನದ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಸರದ ಫೋಟೊ ಓಡಾಡಿತ್ತೇ ಎಂಬುದನ್ನು ತಮ್ಮನಿಂದ ಬಿಡಿಸಿ ಕೇಳಿ. ವಕೀಲರಿಂದ ಇದನ್ನು ಮುಚ್ಚಿಡಬೇಡಿ.

ಅಭಿಯೋಜನೆ, ಅಂದರೆ ಆರೋಪ ಹೊರಿಸಿದ ಸರ್ಕಾರದ ಕಡೆ, ಇಲ್ಲಿ ಏನನ್ನು ಸಾಬೀತು ಮಾಡಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1954ರಲ್ಲಿಯೇ ತ್ರಿಂಬಕ್ ಪ್ರಕರಣದಲ್ಲಿ ಹೇಳಿದೆ: ಸ್ವತ್ತು ಆರೋಪಿಯ ವಶದಲ್ಲಿತ್ತು, ಅವನಿಗಿಂತ ಮೊದಲು ಅದು ಬೇರೊಬ್ಬರ ವಶದಲ್ಲಿತ್ತು, ಅದು ಕಳವಿನದೆಂದು ಅವನಿಗೆ ಗೊತ್ತಿತ್ತು. ಆ ಪ್ರಕರಣದ ಆಭರಣಗಳು ಸಿಕ್ಕಿದ್ದು ಯಾರು ಬೇಕಾದರೂ ಹೋಗಿಬರಬಹುದಾದ ಬಯಲು ಹೊಲದಲ್ಲಿ. ಆದ್ದರಿಂದ ಅವು ಆರೋಪಿಯ ವಶದಲ್ಲಿದ್ದವು ಎನ್ನುವುದೇ ಕಷ್ಟವೆಂದು ನ್ಯಾಯಾಲಯ ಹೇಳಿತು. ನಿಮ್ಮ ತಮ್ಮನ ವಿಷಯದಲ್ಲಿ ಸರ ಸಿಕ್ಕಿದ್ದು ಅವನ ಅಂಗಡಿಯಲ್ಲೇ, ಕೊಟ್ಟದ್ದು ಅವನ ಕೈಯಿಂದಲೇ. ಹೋರಾಟವಿರುವುದು ಮೂರನೆಯ ಅಂಶದಲ್ಲಿ.

‘ನಂಬಲು ಕಾರಣವಿದ್ದು’ ಎಂಬ ಮಾತು ಓದಲು ಹಗುರ. ಸ್ವಲ್ಪ ಅನುಮಾನ ಬಂದಿದ್ದರೂ ಸಿಕ್ಕಿಬಿದ್ದಂತೆಯೇ ಎಂದು ಎಷ್ಟೋ ವ್ಯಾಪಾರಿಗಳು ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಸಾಕಷ್ಟು ಕಾರಣವಿದ್ದರೆ ಮಾತ್ರ ಅದು ‘ನಂಬಲು ಕಾರಣ’, ಇಲ್ಲದಿದ್ದರೆ ಅಲ್ಲ ಎಂದು ನ್ಯಾಯ ಸಂಹಿತೆಯ ಎರಡನೇ ಕಲಂ ಬಿಡಿಸಿ ಹೇಳುತ್ತದೆ. 1880ರಷ್ಟು ಹಿಂದೆಯೇ ಬಾಂಬೆ ಹೈಕೋರ್ಟ್ ರಂಗೊ ತಿಮಾಜಿ ಪ್ರಕರಣದಲ್ಲಿ ನಂಬಿಕೆ ಎನ್ನುವುದು ಅನುಮಾನಕ್ಕಿಂತ ಬಹಳ ಬಲವಾದ ಪದವೆಂದು ವಿವರಿಸಿತ್ತು. ಧಾರವಾಡ ಸೀಮೆಯೂ ಆಗ ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇತ್ತು. ಕೈಯಲ್ಲಿರುವ ಮಾಲು ಕದ್ದದ್ದೇ ಇರಬೇಕು ಎಂದು ವಿವೇಕವುಳ್ಳ ಯಾರಿಗಾದರೂ ಮನವರಿಕೆಯಾಗುವಂಥ ಸನ್ನಿವೇಶ ಇತ್ತೆಂದು ತೋರಿಸಬೇಕು ಎಂಬುದು ಅದರ ತಾತ್ಪರ್ಯ. 2022ರಲ್ಲಿ ಶಿವಕುಮಾರ್ ಮತ್ತು ಮಧ್ಯಪ್ರದೇಶ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಇನ್ನೂ ನೇರವಾಗಿ ಹೇಳಿದೆ: ಕೊಂಡವನು ಅಜಾಗರೂಕನಾಗಿದ್ದ, ಅಥವಾ ಸಾಕಷ್ಟು ವಿಚಾರಿಸಲಿಲ್ಲ ಎಂದು ತೋರಿಸಿದರೆ ಸಾಲದು. ಎರಡನೇ ಸಲ ಆಧಾರ್ ಪ್ರತಿ ಕೇಳದೆ ಬಿಟ್ಟದ್ದು ಅಜಾಗರೂಕತೆ. ಅದು ಅಪ್ರಾಮಾಣಿಕತೆ ಎಂದು ತೋರಿಸುವ ಹೊರೆ ಅಭಿಯೋಜನೆಯ ಮೇಲಿದೆ.

ಹಾಗಾದರೆ ಮನಸ್ಸನ್ನು ಹೇಗೆ ಓದುತ್ತಾರೆ? ‘ಹೌದು, ಗೊತ್ತಿತ್ತು’ ಎಂದು ನ್ಯಾಯಾಧೀಶರ ಮುಂದೆ ಒಪ್ಪಿಕೊಳ್ಳುವವರು ಅಪರೂಪ. ಆದ್ದರಿಂದ ಅರಿವನ್ನು ನಡತೆಯಿಂದ ಊಹಿಸುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ, ಅಂದರೆ ಹಿಂದಿನ 114, ಇದಕ್ಕೆ ಒಂದು ದೃಷ್ಟಾಂತ ಕೊಟ್ಟಿದೆ: ಕಳವಾದ ಕೆಲವೇ ಸಮಯದಲ್ಲಿ ಕಳವಿನ ಮಾಲು ಯಾರ ವಶದಲ್ಲಿ ಸಿಕ್ಕಿತೋ, ಅದು ತನ್ನ ಬಳಿಗೆ ಹೇಗೆ ಬಂತೆಂದು ಅವನು ಹೇಳಲಾರದಿದ್ದರೆ, ಅವನೇ ಕಳ್ಳ ಅಥವಾ ತಿಳಿದೂ ಕೊಂಡವನು ಎಂದು ನ್ಯಾಯಾಲಯ ಭಾವಿಸಬಹುದು. ‘ಭಾವಿಸಬಹುದು’, ಭಾವಿಸಲೇಬೇಕೆಂದಿಲ್ಲ. ಅದೇ ಕಲಂ ಮುಂದೆ ಅಂಗಡಿಯವನ ಪರವಾಗಿಯೂ ಒಂದು ಚಿತ್ರ ಇಟ್ಟಿದೆ. ಗುರುತು ಹಾಕಿದ ರೂಪಾಯಿಯೊಂದು ಕಳವಾಗಿ, ಸ್ವಲ್ಪದರಲ್ಲೇ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಸಿಗುತ್ತದೆ. ಯಾರು ಕೊಟ್ಟರೆಂದು ಅವನಿಗೆ ನೆನಪಿಲ್ಲ. ಆದರೆ ದಿನವಿಡೀ ರೂಪಾಯಿ ಬಂದುಹೋಗುವುದೇ ಅವನ ವ್ಯಾಪಾರ. ಅಂಥವನ ಮೇಲೆ ಊಹೆ ಕಟ್ಟುವ ಮುನ್ನ ನ್ಯಾಯಾಲಯ ಇದನ್ನೂ ಎಣಿಸಬೇಕು. ಒಂದೂವರೆ ಶತಮಾನದಷ್ಟು ಹಳೆಯ ಈ ದೃಷ್ಟಾಂತದ ಮೇಲೆ ನನಗೆ ಬಹಳ ಗೌರವವಿದೆ, ಏಕೆಂದರೆ ಇದನ್ನು ಬರೆದವರು ಅಂಗಡಿ ಹೇಗೆ ನಡೆಯುತ್ತದೆ ಎಂಬುದನ್ನು ಕಂಡವರು. ಆದರೂ ನಿಮ್ಮ ತಮ್ಮನಿಗೆ ಇದು ಪೂರ್ತಿ ಹೊಂದುವುದಿಲ್ಲ ಎಂದು ಹೇಳಲೇಬೇಕು. 24 ಗ್ರಾಂ ಸರ ನೂರು ಕೈ ದಾಟುವ ರೂಪಾಯಿಯಲ್ಲ. ತಂದವರ ಮುಖ ನೆನಪಿರುತ್ತದೆ.

‘ಕೆಲವೇ ಸಮಯ’ ಎಂದರೆ ಎಷ್ಟು ಎಂಬುದಕ್ಕೆ ಅಳತೆಗೋಲಿಲ್ಲ. ನಮ್ಮದೇ ರಾಜ್ಯದ ಈರಭದ್ರಪ್ಪ ಪ್ರಕರಣದಲ್ಲಿ, 1983ರಲ್ಲಿ, ಆಭರಣಗಳು ಪತ್ತೆಯಾದದ್ದು ಅಪರಾಧ ನಡೆದು ಒಂದು ವರ್ಷದ ಮೇಲೆ. ಇಂಥ ಒಡವೆ ಬೇಗ ಬೇಗ ಕೈ ಬದಲಾಗುವ ವಸ್ತುವಲ್ಲ, ಆರೋಪಿ ತಲೆಮರೆಸಿಕೊಂಡಿದ್ದ, ಆದ್ದರಿಂದ ಒಂದು ವರ್ಷ ದೀರ್ಘವಲ್ಲ ಎಂದಿತು ಸುಪ್ರೀಂ ಕೋರ್ಟ್. ಹೀಗಿರುವಾಗ ‘ಎರಡು ತಿಂಗಳಾಗಿತ್ತು’ ಎಂಬ ವಾದವನ್ನೇ ನೆಚ್ಚಿಕೊಂಡು ಹೋಗಬೇಡಿ.

ಇನ್ನು ನೀವು ಕೇಳಿದ ಬೆಲೆಯ ವಿಷಯ. ಬೆಲೆ ಬಲವಾದ ಸುಳಿವು ಹೌದು, ಆದರೆ ಯಾವುದಕ್ಕೆ ಹೋಲಿಸಿ ಕಡಿಮೆ? ದೋಷಾರೋಪ ಪಟ್ಟಿಗಳಲ್ಲಿ ‘ಮಾರುಕಟ್ಟೆ ಬೆಲೆಗಿಂತ ಕಡಿಮೆ ಬೆಲೆಗೆ’ ಎಂಬ ಸಾಲು ಅಚ್ಚು ಹೊಡೆದಂತೆ ಇರುತ್ತದೆ. ಆ ಮಾರುಕಟ್ಟೆ ಬೆಲೆ ಎಂದರೆ ಪತ್ರಿಕೆಯಲ್ಲಿ ಬರುವ ಅಪರಂಜಿ ದರವೋ, ಹೊಸ ಸರ ಕೊಳ್ಳಲು ಗಿರಾಕಿ ಕೊಡುವ ದರವೋ, ಹಳೆ ಚಿನ್ನಕ್ಕೆ ಅಂಗಡಿಯವರು ಕೊಡುವ ದರವೋ? ಲೆಕ್ಕ ಸುಲಭವಾಗಲೆಂದು ಅಪರಂಜಿ ಗ್ರಾಂಗೆ 100 ರೂಪಾಯಿ ಎಂದುಕೊಳ್ಳಿ. 22 ಕ್ಯಾರೆಟ್ ಸರದಲ್ಲಿ ಚಿನ್ನವೇ 91.6ರಷ್ಟು. ಹಳೆಯ ಕೈಕೆಲಸದ ಸರದಲ್ಲಿ ಬೆಸುಗೆ ಹೆಚ್ಚಿದ್ದರೆ ಟಚ್, ಅಂದರೆ ಚಿನ್ನದ ಶುದ್ಧತೆ, ಇನ್ನೂ ಇಳಿಯುತ್ತದೆ. ಹೊಸದು ಮಾರುವಾಗ ಸೇರಿಸಿದ ಕೂಲಿ, ವೇಸ್ಟೇಜು ಹಳೆಯದನ್ನು ಕೊಳ್ಳುವಾಗ ಲೆಕ್ಕಕ್ಕೇ ಬರುವುದಿಲ್ಲ. ಕರಗಿಸುವಾಗ ಆಗುವ ಸವಕಳಿ, ಅಂಗಡಿಯವನ ಲಾಭ ಕಳೆದರೆ ಪ್ರಾಮಾಣಿಕ ಖರೀದಿಯೂ ಪತ್ರಿಕೆಯ ದರಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಅರ್ಧ ಬೆಲೆಗೆ ಕೊಂಡಿದ್ದರೆ ಮಾತು ಬೇರೆ. ಅದಕ್ಕೆ ಯಾವ ವಿವರಣೆಯೂ ನಿಲ್ಲುವುದಿಲ್ಲ. ಹಳೆ ಚಿನ್ನದ ದರದ ಆಸುಪಾಸಿನಲ್ಲೇ ಕೊಂಡಿದ್ದರೆ ಆ ದಿನದ ದರ, ಸರದ ಟಚ್, ಕೊಟ್ಟ ಹಣ ಈ ಮೂರನ್ನೂ ಅಭಿಯೋಜನೆ ಸಾಕ್ಷಿಯ ಮೂಲಕ ತೋರಿಸಿದೆಯೇ ಎಂದು ನೋಡಬೇಕು. ಬಹಳ ಸಲ ಕೊಟ್ಟ ಹಣದ ಮೊತ್ತ ಎಲ್ಲಿಂದ ಬಂದಿರುತ್ತದೆ ಗೊತ್ತೇ? ಕಳ್ಳನ ಸ್ವಇಚ್ಛಾ ಹೇಳಿಕೆಯಿಂದ.

ಆ ಸ್ವಇಚ್ಛಾ ಹೇಳಿಕೆಯನ್ನು ಕುರಿತು ಜನರಲ್ಲಿ ಬಹಳ ಭಯವಿದೆ. ‘ಇದು ಕದ್ದದ್ದೆಂದು ಅಂಗಡಿಯವರಿಗೆ ಗೊತ್ತಿತ್ತು, ಅದಕ್ಕೇ ಕಡಿಮೆಗೆ ಕೊಂಡರು’ ಎಂದು ಹುಡುಗ ಠಾಣೆಯಲ್ಲಿ ಹೇಳಿದ್ದಾನೆ ಎಂದು ಪಟ್ಟಿಯಲ್ಲಿ ಬರೆದಿರಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅದರಿಂದ ವಸ್ತು ಪತ್ತೆಯಾಗಿದ್ದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗ ಮಾತ್ರ ಉಳಿಯುತ್ತದೆ. 1947ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿಯ ನ್ಯಾಯಪೀಠ, ಹಾಕಿಕೊಟ್ಟ ಗೆರೆ ಇಂದಿಗೂ ಅದೇ. ‘ಸರವನ್ನು ಮಾರಿದ ಅಂಗಡಿಯನ್ನು ತೋರಿಸುತ್ತೇನೆ’ ಎಂಬ ಭಾಗ ಉಳಿಯುತ್ತದೆ. ‘ಅವರಿಗೆ ಗೊತ್ತಿತ್ತು’ ಎಂಬ ಭಾಗ ಬಿದ್ದುಹೋಗುತ್ತದೆ. ಬೆಲೆ ಹೇಳಿದ ಭಾಗವೂ ಅದರ ಜೊತೆಗೇ ಹೋಗುತ್ತದೆ. ನಿಮ್ಮ ವಕೀಲರು ಆ ಹೇಳಿಕೆಯನ್ನು ದಾಖಲೆಯಾಗಿ ಗುರುತಿಸುವ ಹಂತದಲ್ಲೇ ಆಕ್ಷೇಪ ದಾಖಲಿಸಲಿ. ಇಡೀ ಹೇಳಿಕೆ ಒಟ್ಟಾಗಿ ಗುರುತಾಗಿ ಕಡತ ಸೇರಿದರೆ, ಓದುವವರ ಮನಸ್ಸಿನಲ್ಲಿ ಅದರ ನೆರಳು ಉಳಿದುಬಿಡುತ್ತದೆ.

ಹಾಗಾದರೆ ಯಾವ ನಡತೆ ನಿಜವಾಗಿ ಅರಿವನ್ನು ಹೊರಗೆಡಹುತ್ತದೆ? ಅಂಗಡಿ ಬಾಗಿಲು ಹಾಕಿದ ಮೇಲೆ ಹಿಂಬಾಗಿಲಿನಿಂದ ಕೊಂಡದ್ದು. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು. ತಂದ ದಿನವೇ ಗಡಿಬಿಡಿಯಿಂದ ಕರಗಿಸಿದ್ದು. ಒಬ್ಬನೇ ಹುಡುಗ ವಾರಕ್ಕೊಂದು ಬಗೆಯ, ಬೇರೆ ಬೇರೆ ಮನೆಯ ಒಡವೆ ತಂದರೂ ಚಕಾರವೆತ್ತದೆ ಕೊಂಡದ್ದು. ಮೊಬೈಲ್ ವ್ಯಾಪಾರದಲ್ಲಾದರೆ ಐಎಂಇಐ ಸಂಖ್ಯೆಯನ್ನು, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆಯನ್ನು, ಬದಲಿಸಿದ್ದು. ಅದು ದೂರಸಂಪರ್ಕ ಕಾಯ್ದೆಯಡಿ ಬೇರೆಯೇ ಅಪರಾಧ ಕೂಡ. ಇವುಗಳಲ್ಲಿ ಒಂದೊಂದೂ ಸಣ್ಣದು, ಕೂಡಿಸಿದರೆ ಹಗ್ಗವಾಗುತ್ತದೆ. ನಿಮ್ಮ ತಮ್ಮನಿಗೆ ಇಲ್ಲಿ ತೊಡಕಾಗುವುದು ಕೊಂಡಿ ಮುರಿದ ಸರ. ಕತ್ತಿನಿಂದ ಕಿತ್ತ ಸರದ ಕೊಂಡಿ ಹಿಗ್ಗಿರುತ್ತದೆ, ಇಲ್ಲವೇ ಎಳೆ ಉದ್ದುದ್ದ ಜಗ್ಗಿ ಹರಿದಿರುತ್ತದೆ. ಸವೆದು ಮುರಿದದ್ದಾದರೆ ಬಾಯಿ ತೆಳುವಾಗಿ ನುಣುಪಾಗಿರುತ್ತದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಅದು ಕಾಣಬೇಕಿತ್ತು ಎಂದು ಸರ್ಕಾರಿ ಅಭಿಯೋಜಕರು ಖಂಡಿತ ಕೇಳುತ್ತಾರೆ. ನ್ಯಾಯಾಲಯದ ಅನುಮತಿ ಪಡೆದು ಆ ಸರವನ್ನು ನಿಮ್ಮ ವಕೀಲರು ಕಣ್ಣಾರೆ ನೋಡಲಿ. ಮುರಿತ ಹೇಗಿದೆ ಎಂದು ತಿಳಿಯದೆ ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬಾರದು.

ನಿಮ್ಮ ಪರವಾಗಿ ನಿಲ್ಲುವುದು ಖರೀದಿ ಪುಸ್ತಕ. ಬಹಳ ಹಿಂದೆ ನಾನು ನಡೆಸಿದ ಪ್ರಕರಣವೊಂದರಲ್ಲಿ ಅಂಗಡಿಯವರು ಹೆಮ್ಮೆಯಿಂದ ಪುಸ್ತಕ ತಂದುಕೊಟ್ಟಿದ್ದರು. ಪುಟ ತೆರೆದೆ. ಇಡೀ ಪುಟ ನೀಲಿ ಶಾಯಿ. ಎರಡು ಸಾಲುಗಳ ನಡುವೆ, ಇರುಕಿಸಿದಂತೆ, ಕಪ್ಪು ಶಾಯಿಯಲ್ಲಿ ಕಳವಿನ ಬಳೆಯ ನಮೂದು. ಪೊಲೀಸರು ಬಂದುಹೋದ ರಾತ್ರಿ ಬರೆದದ್ದು ಎಂದು ಆಮೇಲೆ ಒಪ್ಪಿಕೊಂಡರು. ಅವರು ನಿಜವಾಗಿಯೂ ಏನೂ ಅರಿಯದೆ ಕೊಂಡಿದ್ದರು ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಆ ಪುಸ್ತಕವನ್ನು ಹಾಜರುಪಡಿಸಲು ನನ್ನಿಂದಾಗಲಿಲ್ಲ. ಅದರಲ್ಲಿದ್ದ ನೂರಾರು ಪ್ರಾಮಾಣಿಕ ಸಾಲುಗಳೂ ಅವರ ನೆರವಿಗೆ ಬಾರದೆ ಹೋದವು. ದಯವಿಟ್ಟು ನಿಮ್ಮ ತಮ್ಮನ ಪುಸ್ತಕದಲ್ಲಿ ಒಂದು ಚುಕ್ಕಿಯನ್ನೂ ತಿದ್ದಬೇಡಿ. ಸುಳ್ಳು ಸಾಕ್ಷ್ಯ ಸೃಷ್ಟಿಸುವುದು ನ್ಯಾಯ ಸಂಹಿತೆಯ 229ನೇ ಕಲಮಿನ ಅಪರಾಧ, ಅದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಮೂಲ ಪ್ರಕರಣದ ಎರಡರಷ್ಟಕ್ಕಿಂತಲೂ ಹೆಚ್ಚು.

ಪುಸ್ತಕ ಸಾಚಾ ಆಗಿದ್ದರೆ ಅದರ ಜೊತೆಗೆ ಆ ಆಧಾರ್ ಪ್ರತಿ ಸೇರಿ ಬಲವಾದ ವಾದ ಹುಟ್ಟುತ್ತದೆ. ಕದ್ದ ಮಾಲೆಂದು ತಿಳಿದು ಕೊಳ್ಳುವವನು ಮಾರಿದವನ ಗುರುತನ್ನು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹತ್ತು ದಿನದ ಹಿಂದಷ್ಟೇ ಗುರುತು ಕೊಟ್ಟವನು ಮತ್ತೆ ಬಂದಾಗ ಮತ್ತೊಮ್ಮೆ ಕೇಳದಿರುವುದು ಅಂಗಡಿಗಳಲ್ಲಿ ನಿತ್ಯ ನಡೆಯುವಂಥದ್ದು. ಆ ಪ್ರತಿಯನ್ನು ಪೊಲೀಸರು ಜಪ್ತಿ ಮಾಡಿದ್ದಾರೆಯೇ ಎಂದು ಮಹಜರಿನಲ್ಲಿ ನೋಡಿ. ಮಾಡಿದ್ದರೂ ಪಟ್ಟಿಯ ಜೊತೆ ಸಲ್ಲಿಸದಿದ್ದರೆ, ಹಾಜರುಪಡಿಸುವಂತೆ ನ್ಯಾಯಾಲಯವನ್ನು ಕೋರಬಹುದು. ಮಾಡದಿದ್ದರೆ ಅದು ನಿಮ್ಮಲ್ಲೇ ಇದೆ, ಜೋಪಾನ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಸರ ಕಳವಾದದ್ದೇ ಎಂದು ಮೊದಲು ಸಾಬೀತಾಗಬೇಕು, ಮತ್ತು ಎಷ್ಟೋ ಪ್ರಕರಣಗಳು ಅಲ್ಲಿಯೇ ಕುಸಿಯುತ್ತವೆ. ಅರಗಿನ ಮುದ್ರೆ ಒಡೆದು, ಬಟ್ಟೆಯ ಚೀಲದಿಂದ ಸರ ಹೊರತೆಗೆದು ಸಾಕ್ಷಿಕಟ್ಟೆಯಲ್ಲಿರುವ ಹೆಂಗಸಿನ ಕೈಗೆ ಕೊಡುತ್ತಾರೆ. ‘ಇದು ನನ್ನದೇ’ ಎನ್ನುತ್ತಾರೆ. ಪಾಟೀ ಸವಾಲಿನಲ್ಲಿ ಬರುವ ಮೊದಲ ಪ್ರಶ್ನೆ, ‘ಇಂಥ ಸರ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದಲ್ಲವೇ?’ ‘ಹೌದು’ ಎಂಬ ಉತ್ತರಕ್ಕೇ ವಕೀಲರು ಕುಳಿತುಬಿಡುತ್ತಾರೆ. ಆದರೆ ಒಮ್ಮೆ ಒಬ್ಬ ತಾಯಿ ಸರವನ್ನು ಬೆರಳುಗಳ ನಡುವೆ ಜಾರಿಸುತ್ತ ಹೋಗಿ ಒಂದು ಕಡೆ ತಡೆದು, ‘ಇಲ್ಲಿ ಬೆಸುಗೆ ಹಾಕಿಸಿದ್ದೆ, ಉಗುರಿಗೆ ತಾಗುತ್ತದೆ, ನೋಡಿ’ ಎಂದದ್ದನ್ನು ಕಂಡಿದ್ದೇನೆ. ನ್ಯಾಯಾಧೀಶರು ಸರವನ್ನು ತರಿಸಿಕೊಂಡು ತಾವೇ ಉಗುರು ಆಡಿಸಿ ನೋಡಿದರು. ಆ ದಿನ ನಾನು ಆರೋಪಿಯ ಪರ ಇದ್ದೆ. ಆದರೂ ಆ ಹೆಂಗಸಿನ ಬೆರಳು ನನಗೆ ಮರೆತಿಲ್ಲ. ನಿಮ್ಮ ತಮ್ಮನ ಪ್ರಕರಣದಲ್ಲಿಯೂ ಆ ಕಡೆ ಒಬ್ಬರ ಕತ್ತಿನ ಸರವಿದೆ ಎಂಬುದನ್ನು ನೀವೂ ಮರೆಯಬೇಡಿ. ಅದು ಅವರದ್ದೇ ಎಂದು ನಿಮಗೆ ಖಚಿತವಿದ್ದರೆ, ಆಕೆಯನ್ನು ಸುಳ್ಳುಗಾರ್ತಿ ಎನ್ನುವ ಪಾಟೀ ಸವಾಲು ಬೇಡವೆಂದು ವಕೀಲರಿಗೆ ಹೇಳುವ ಹಕ್ಕು ನಿಮ್ಮ ತಮ್ಮನಿಗಿದೆ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಇಂಥ ಪ್ರಕರಣಗಳಲ್ಲಿ ಎರಡು ಬಗೆಯ ವಾದಗಳಿವೆ. ಒಂದು, ಎಲ್ಲವನ್ನೂ ಅಲ್ಲಗಳೆಯುವುದು: ಹುಡುಗ ಯಾರೋ ಗೊತ್ತಿಲ್ಲ, ಸರ ನಮ್ಮಲ್ಲಿ ಸಿಕ್ಕಿಲ್ಲ, ಮಹಜರು ಠಾಣೆಯಲ್ಲೇ ಬರೆದದ್ದು. ಪಂಚರು, ಅಂದರೆ ಮಹಜರಿನ ಸಾಕ್ಷಿಗಳು, ತಿರುಗಿಬಿದ್ದರೆ ಇದು ಗೆಲ್ಲುವುದೂ ಉಂಟು, ಅದಕ್ಕೇ ಬಹಳ ಮಂದಿ ಇದನ್ನು ಹಿಡಿಯುತ್ತಾರೆ. ಆದರೆ ಈಗ ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣವನ್ನು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಕಡ್ಡಾಯ ಮಾಡಿದೆ. ನಿಮ್ಮ ತಮ್ಮ ತಿಜೋರಿ ತೆಗೆದು ಸರ ಕೊಡುವ ದೃಶ್ಯ ಕಡತದಲ್ಲಿದ್ದರೆ ಪಂಚರು ಏನೆಂದರೂ ಪ್ರಯೋಜನವಿಲ್ಲ. ಅಲ್ಲಿಗೆ ವಶದಲ್ಲಿ ಇದ್ದದ್ದು ಸಾಬೀತು, ವಿವರಣೆ ಶೂನ್ಯ. 119ನೇ ಕಲಮಿನ ಊಹೆ ಸುಲಭವಾಗಿ ಮೇಲೆ ಬಂದು ಕೂರುತ್ತದೆ.

ಇನ್ನೊಂದು, ಕೊಂಡದ್ದನ್ನು ಒಪ್ಪಿ, ಪುಸ್ತಕ ತೋರಿಸಿ, ಬೆಲೆಯ ಲೆಕ್ಕ ಕೊಟ್ಟು, ‘ಕದ್ದದ್ದೆಂದು ತಿಳಿದಿರಲಿಲ್ಲ’ ಎನ್ನುವುದು. ಈ ವಿವರಣೆಯನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಆರೋಪಿಯದಲ್ಲ. ಅದು ನಂಬಬಹುದಾದಂತೆ ಇದ್ದರೆ ಸಾಕು. ಅದನ್ನು ಸುಳ್ಳೆಂದು ತೋರಿಸಬೇಕಾದವರು ಆ ಕಡೆಯವರು. ಈ ಹಾದಿ ಹಿಡಿಯುವುದಾದರೆ ಮೊದಲ ಸಾಕ್ಷಿಯ ಪಾಟೀ ಸವಾಲಿನಿಂದಲೇ ಹಿಡಿಯಬೇಕು. ಸಾಕ್ಷಿಗಳಿಗೆಲ್ಲ ‘ಸರ ಅಂಗಡಿಯಲ್ಲಿ ಸಿಕ್ಕಿಲ್ಲ’ ಎಂದು ಸೂಚಿಸಿ, ಕೊನೆಗೆ ಅದೇ ಸುರಕ್ಷಾ ಸಂಹಿತೆಯ 351ನೇ ಕಲಮಿನಡಿ ಆರೋಪಿಯನ್ನು ಪ್ರಶ್ನಿಸುವಾಗ ‘ಕೊಂಡಿದ್ದೆ, ಗೊತ್ತಿರಲಿಲ್ಲ’ ಎಂದರೆ ಯಾರೂ ನಂಬುವುದಿಲ್ಲ. ನೀವು ಬರೆದಿರುವುದೆಲ್ಲ ನಿಜವಾಗಿದ್ದರೆ ನಾನು ಆರಿಸುವುದು ಈ ಎರಡನೆಯದನ್ನೇ. ಆದರೂ ದೋಷಾರೋಪ ಪಟ್ಟಿಯನ್ನೂ ಚಿತ್ರೀಕರಣವನ್ನೂ ಪೂರ್ತಿ ನೋಡಿದ ವಕೀಲರ ಮಾತು ನನ್ನ ಮಾತಿಗಿಂತ ಮೇಲು.

ಕರಗಿದ ಉಂಗುರದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಅಷ್ಟೇ ತೂಕದ ಚಿನ್ನ ಕೊಟ್ಟುಬಿಡಿ, ಸರಿಹೋಗುತ್ತದೆ’ ಎಂಬ ಸಲಹೆ ಯಾರಿಂದಲಾದರೂ ಬಂದಿದ್ದರೆ ಅಥವಾ ಬಂದರೆ, ವಕೀಲರನ್ನು ಕೇಳದೆ ಕೊಡಬೇಡಿ. ಅಂಗಡಿಯ ಬೇರೆ ಚಿನ್ನ ಕಳವಿನ ಸ್ವತ್ತಲ್ಲ. ಅದನ್ನು ‘ರಿಕವರಿ’ ಎಂದು ಮಹಜರಿನಲ್ಲಿ ಬರೆದರೆ, ಇಲ್ಲದ ವಸ್ತುವಿಗೆ ನಿಮ್ಮ ತಮ್ಮನೇ ಸಾಕ್ಷಿ ಒದಗಿಸಿದಂತಾಗುತ್ತದೆ. ಎರಡು ಸಲ ಕೊಂಡದ್ದರಿಂದ ‘ರೂಢಿಯಾಗಿ ಕಳವಿನ ಮಾಲು ಕೊಳ್ಳುವವನು’ ಎಂಬ 317ರ ನಾಲ್ಕನೇ ಉಪಕಲಂ ಹಚ್ಚಿದ್ದಾರೆಯೇ ಎಂಬುದನ್ನೂ ನೋಡಿ. ಅದರ ಶಿಕ್ಷೆ ಜೀವಾವಧಿಯವರೆಗೆ ಹೋಗುತ್ತದೆ. ಒಬ್ಬನಿಂದ ಹತ್ತು ದಿನದಲ್ಲಿ ಮಾಡಿದ ಎರಡು ಖರೀದಿಯನ್ನು ರೂಢಿ ಎಂದು ನಿಲ್ಲಿಸುವುದು ಕಷ್ಟ. ಹಚ್ಚಿದ್ದರೆ ಆರೋಪ ಹೊರಿಸುವ ಹಂತದಲ್ಲೇ ವಾದಿಸಬೇಕು.

ಹಣದ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಕಳ್ಳನಿಂದ ಎಷ್ಟೇ ಪ್ರಾಮಾಣಿಕವಾಗಿ ಕೊಂಡರೂ ಒಡೆತನ ಕೊಂಡವನಿಗೆ ಬರುವುದಿಲ್ಲ. ಸರ ಕಳೆದುಕೊಂಡವರಿಗೇ ಹೋಗಬೇಕು. ಅವರು ಮಧ್ಯಂತರವಾಗಿ ಸರ ಬಿಡಿಸಿಕೊಳ್ಳಲು ಅರ್ಜಿ ಹಾಕಿದರೆ ವಿರೋಧಿಸದಿರುವುದು ಒಳ್ಳೆಯದು. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 499ನೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಹುಡುಗನಿಗೆ ಶಿಕ್ಷೆಯಾಗಿ, ನಿಮ್ಮ ತಮ್ಮ ಕಳವಿನದೆಂದು ತಿಳಿಯದೆ ಕೊಂಡವನೆಂದು ಸಾಬೀತಾಗಿ, ಹುಡುಗನನ್ನು ಹಿಡಿದಾಗ ಅವನ ಬಳಿ ನಗದು ಸಿಕ್ಕಿದ್ದರೆ, ಸರ ಹಿಂದಿರುಗಿಸಿದ ಮೇಲೆ ಆ ನಗದಿನಿಂದ ಕೊಟ್ಟ ಬೆಲೆಯವರೆಗೆ ಕೊಡಿಸುವಂತೆ ಕೇಳಬಹುದು. ಹುಡುಗನನ್ನು ದಸ್ತಗಿರಿ ಮಾಡಿದ ದಿನದ ಮಹಜರಿನಲ್ಲಿ ನಗದು ಎಂದು ಏನಾದರೂ ಬರೆದಿದೆಯೇ, ನೋಡಿಕೊಳ್ಳಿ.